ಹಂಚಿನ ಮುಂದ ಯಾರು ಕೂಡಬೇಕು?

ಮಾತಾಡುವವರು ಇಬ್ಬರು. ಒಬ್ಬಾಕೆ ನವಲಗುಂದ ತಾಲ್ಲೂಕಿನ ಎರಿ ಸೀಮೆಯ ಹಳ್ಳಿಯವಳು, ಒಕ್ಕಲುತನದ ಮನೆಯ ಹಿರಿಯಳು. ಇನ್ನೊಬ್ಬ ಆಕೆಯ ತಮ್ಮನ ಮಗ. ಅಣ್ಣಿಗೇರಿಯಲ್ಲಿ ಶಾಲಾ ಮಾಸ್ತರ, ಮನೆಯಲ್ಲಿ ಓವನ್ ಇಟ್ಟುಕೊಂಡು ಕೇಕು, ಬಿಸ್ಕಿಟು, ಬ್ರೆಡ್ಡು ಬೇಯಿಸುವ ಹವ್ಯಾಸದವನು. ಇಬ್ಬರಿಗೂ ಊಟವೆಂದರೆ ಪ್ರೀತಿ, ಊಟದ ಮಾತೆಂದರೆ ಇನ್ನೂ ಪ್ರೀತಿ. ಅವರ ಮಾತು ಅವರ ನುಡಿಯಲ್ಲೇ ಇದೆ.

— ಅತ್ತಿ, ಈ ಕೇಕ್ ತಿಂದು ನೋಡು. ಮೊಟ್ಟಿ ಇಲ್ಲ, ಮೈದಾ ಇಲ್ಲ. ಅರ್ಧ ಜ್ವಾಳದ ಹಿಟ್ಟು, ಅರ್ಧ ಗೋದಿ ಹಿಟ್ಟು, ಬೆಲ್ಲ, ಹುಳಿ ಮಜ್ಜಿಗಿ, ಚಿಟಿಕಿ ಸೋಡಾ.

— ಚಲೋ ಆಗೈತಿ. ಬೆಲ್ಲದ ವಾಸನಿ ಬಂದೈತಿ, ಮ್ಯಾಲಿನ ಪದರು ಹದಾ ಸುಟ್ಟೈತಿ. ಆದ್ರ ಕೈಯಾಗ ಹಿಡದ್ರ ಉದರತೈತಲ್ಲೋ.

— ಅದಕ್ಕ ನಿನ್ನ ಕಡೆ ತಂದದ್ದು. ಬರೀ ಜ್ವಾಳದ್ದ ಮಾಡಿದ್ರ ಇನ್ನೂ ಉದರತೈತಿ. ಗೋದಿ ಹಿಟ್ಟಿಗೆ ನೀರು ಹಾಕಿ ನಾದಿದ್ರ ಅದರೊಳಗಿನ ಪ್ರೋಟೀನು ಗ್ಲುಟೆನ್ ಆಗಿ ಬಲಿ ಹೆಣದಂಗ ಹೆಣಕೊಳ್ತೈತಿ. ಮಜ್ಜಿಗಿ ಹುಳಿ, ಸೋಡಾ ಕೂಡಿ ಹುಟ್ಟಿದ ಗಾಳಿ ಆ ಬಲಿಯೊಳಗ ಸಿಕ್ಕು ಕೇಕ್ ಉಬ್ಬತೈತಿ. ಜ್ವಾಳದಾಗೂ ಪ್ರೋಟೀನ್ ಐತಿ. ಆದ್ರ ಅದು ಹಂಗ ಹೆಣಕೊಳ್ಳೋ ಜಾತಿದಲ್ಲ.

— ಹೆಣಕೊಳ್ಳಂಗಿಲ್ಲ ಅನ್ನೋದು ರೊಟ್ಟಿ ಬಡಿಯೋ ಹೆಣ್ಣಮಕ್ಕಳಿಗೆಲ್ಲಾ ಗೊತ್ತು. ಅದಕ್ಕ ನಾವು ಜ್ವಾಳದ ಹಿಟ್ಟು ತಣ್ಣೀರಿನಾಗ ಕಲಸಂಗಿಲ್ಲ. ಪರಾತದಾಗ ಹಿಟ್ಟು ಹಾಕಿ, ನಡುವ ಕುಣಿ ಮಾಡಿ, ಕುದಿಯೋ ಎಸರು ಸುರೀತೀವಿ. ಮೊದಲ ಚಮಚಾದ್ಲೆ ಕಲಸಿ, ಕೈ ತಾಳೋವಷ್ಟು ಬಿಸಿ ಇರೋವಾಗ್ಲೇ ಅಂಗೈ ಬುಡದಿಂದ ಒತ್ತಿ ಒತ್ತಿ ನಾದಬೇಕು. ಆಗ ಜಿಗಿ ಬರತೈತಿ. ಪೂರಾ ಆರಿದ ಮ್ಯಾಲೆ ಎಷ್ಟು ನಾದಿದ್ರೂ ಅಷ್ಟ.

— ಎಸರಿನ ಬಿಸಿಗೆ ಹಿಟ್ಟಿನೊಳಗಿನ ಪಿಷ್ಟ ನೀರು ಕುಡದು, ಉಬ್ಬಿ, ಅಂಟಾಗತೈತಿ. ಜ್ವಾಳದ ಪಿಷ್ಟಕ್ಕ ಸುಮಾರು 70 ಡಿಗ್ರಿ ಬಿಸಿ ಬೇಕು. ಗೋದಿಯೊಳಗ ಗ್ಲುಟೆನ್ ಮಾಡೋ ಕೆಲಸಾನ ಇಲ್ಲಿ ಪಿಷ್ಟ ಮಾಡತೈತಿ. ಹಂಗಾದ್ರ ಕೇಕಿಗೂ ಒಂದು ಮುಷ್ಟಿ ಹಿಟ್ಟು ಎಸರಿನಾಗ ಕಲಸಿ, ಆರಿಸಿ, ಆಮ್ಯಾಲೆ ಕೂಡಿಸಿದ್ರ ಹಿಡಕೊಂಡೀತು.

— ಮಾಡಿ ನೋಡು. ಮತ್ತ ಹಿಟ್ಟು ಯಾವಾಗ ಬೀಸಿಸಿದ್ದು?

— ಹ್ವಾದ ತಿಂಗಳದ್ದು.

— ಅಲ್ಲೇ ಐತಿ ನೋಡು. ಜ್ವಾಳದ ಹಿಟ್ಟು ವಾರದ ಮ್ಯಾಲೆ ಆತಂದ್ರ ಜಿಗಿ ಕಳಕೊಳ್ತೈತಿ. ಹಳೀ ಹಿಟ್ಟಿನ ರೊಟ್ಟಿ ಬಡಿಯೋವಾಗ್ಲೇ ಅಂಚಿಗೆ ಸೀಳತೈತಿ. ಸಜ್ಜಿ ಹಿಟ್ಟಂತೂ ಅದಕ್ಕಿಂತ ಲಗೂ ಕೆಟ್ಟು ಕಹಿ ಆಗತೈತಿ. ಅದಕ್ಕ ಗಿರಣಿಗೆ ಡಬ್ಬಿಗಟ್ಟಲೆ ಒಯ್ಯಂಗಿಲ್ಲ, ವಾರಕ್ಕ ಎಷ್ಟು ಬೇಕೋ ಅಷ್ಟ ಒಯ್ತೀವಿ.

— ಸಜ್ಜಿಯೊಳಗ ಎಣ್ಣಿ ಅಂಶ ಹೆಚ್ಚು. ಬೀಸಿದ ಕೂಡ್ಲೆ ಆ ಎಣ್ಣಿ ಕೆಡಾಕ ಶುರು ಆಗತೈತಿ, ಕಹಿ ಅದರದ್ದ.

— ಕಾರಣ ನೀ ಹೇಳಿದಿ, ಹದಾ ನಾ ಹೇಳಿದೆ. ಈಗ ಬಡಿಯೋದು ಕೇಳು. ಮುದ್ದಿ ಹಿಡದು, ಅಡಿಗೆ ಒಣಹಿಟ್ಟು ಉದರಿಸಿ, ಒಂದು ಕೈ ಬಡೀತಿರಬೇಕು, ಇನ್ನೊಂದು ಕೈ ಅಂಚು ಕಾಯ್ತಿರಬೇಕು. ಬಡದಂಗ ಬಡದಂಗ ರೊಟ್ಟಿ ತಾನ ತಿರಗಬೇಕು. ಎತ್ತಿ ಹಂಚಿಗೆ ಹಾಕಿದಾಗ ಒಣಹಿಟ್ಟು ಹತ್ತಿದ ಮೈ ಮ್ಯಾಲ ಬರಬೇಕು. ಕೂಡ್ಲೆ ಒದ್ದಿ ಅರಿವಿಲೆ ನೀರು ಸವರಬೇಕು. ಆ ನೀರು ಆರೋ ಹೊತ್ತಿಗೆ ತಿರುವಿ ಹಾಕಬೇಕು. ತಡಾ ಆದ್ರ ಬಿರೀತೈತಿ, ಲಗೂ ಆದ್ರ ಹಂಚಿಗೆ ಹತ್ತತೈತಿ. ತಿರುವಿದ ಮ್ಯಾಲೆ ಅರಿವಿಲೆ ಮೆಲ್ಲಕ ಅಂಚು ಒತ್ತಿದ್ರ ಒಳಗಿನ ಉಗಿ ಎರಡು ಪದರು ಬ್ಯಾರೆ ಮಾಡಿ ರೊಟ್ಟಿ ಉಬ್ಬತೈತಿ. ಎಲ್ಲಿರೆ ತೂತು ಬಿತ್ತೋ, ಉಗಿ ಹೊರಗ ಹೋತು, ರೊಟ್ಟಿ ಚಪ್ಪಟಿ ಉಳೀತು.

— ಇಷ್ಟು ಸೂಕ್ಷ್ಮ ನನ್ನ ಕೇಕಿನಾಗ ಇಲ್ಲತ್ತಿ. ತೂಕ ಮಾಡಿ ಕಲಸಿ, ಓವನ್ 180 ಡಿಗ್ರಿಗೆ ಹಚ್ಚಿ ಇಟ್ರ ಮುಕ್ಕಾಲು ಗಂಟಿಗೆ ತಾನ ಬೇಯತೈತಿ. ನಡುವ ಬಾಗಿಲ ತಗೀಬಾರದು, ಅಷ್ಟ.

— ಮತ್ತ ತಾರೀಫು ಯಾವುದಕ್ಕ? ನಿನ್ನ ಕೇಕಿನ ಫೋಟೋ ತಗದು ಊರಮಂದಿಗೆಲ್ಲಾ ಕಳಸ್ತಾರ. ನಿಮ್ಮವ್ವ ಮದಿವ್ಯಾಗಿ ಬಂದಾಗಿಂದ ದಿನಾ ಒಂದು ಬುಟ್ಟಿ ರೊಟ್ಟಿ ಬಡದಾಳ. ಇವತ್ತಿನ ರೊಟ್ಟಿ ಚಲೋ ಆಗ್ಯಾವ ಅಂತ ಯಾರರೆ ಅಂದದ್ದು ಕೇಳಿಯೇನು? ದಪ್ಪ ಆದಾಗ ಮಾತ್ರ ಅಂತಾರ. ನಿನ್ನ ಕೇಕಿನ ಮ್ಯಾಲೆ ನನಗ ಸಿಟ್ಟಿಲ್ಲ ತಮ್ಮಾ. ನಮ್ಮ ಮನಿ ಗಂಡಹುಡುಗ ಒಬ್ಬ ಹಿಟ್ಟಿನಾಗ ಕೈ ಹಾಕಿದ್ನಲ್ಲಾ ಅಂತ ಖುಷಿನ ಆಗೈತಿ. ಆದ್ರ ವಾರಕ್ಕೊಮ್ಮೆ ಹಿಟ್ಟಿನಾಗ ಇಡೋ ಕೈಗೆ ಇರೋ ಮರ್ಯಾದಿ, ದಿನಾ ಇಡೋ ಕೈಗೂ ಬೇಕು.

— ನೀ ಅನ್ನೋದು ಖರೆ. ಆದ್ರ ಕೇಕು ನಮ್ಮ ಕಡೆ ಈಗ ಬಂದದ್ದು, ಅದಕ್ಕ ಮಂದಿಗೆ ಸೋಜಿಗ. 2020ರ ಲಾಕ್‌ಡೌನಿನಾಗ ನೋಡು, ಬೇಕರಿ ಮುಚ್ಚಿದ್ವು, ಹುಡುಗರ ಹುಟ್ಟಿದ ಹಬ್ಬ ನಿಲ್ಲಲಿಲ್ಲ. ಹಳ್ಳಿಹಳ್ಳ್ಯಾಗ ಕುಕ್ಕರಿನ ಸೀಟಿ, ರಬ್ಬರ್ ತಗದು, ತಳಕ್ಕ ಉಪ್ಪೋ ಉಸುಕೋ ಹಾಸಿ, ಮ್ಯಾಲೆ ಡಬ್ಬಿ ಇಟ್ಟು ಕೇಕ್ ಮಾಡಿದ್ರು. ಬಿಸ್ಕಿಟ್ ಪುಡಿ ಮಾಡಿ, ಹಾಲು ಹಾಕಿ, ಒಂದು ಇನೋ ಪುಡಿ ಸುರವಿದ್ರ ಸಾಕಾಗತಿತ್ತು. ಓವನ್ ಇಲ್ಲದ ಮನ್ಯಾಗೂ ಕೇಕ್ ಬೆಂದದ್ದು ಆಗ.

— ಅದಕ್ಕೂ ಮೊದಲ ನಾವೂ ಬೇಯಸತಿದ್ವಿ. ಮನ್ಯಾಗಲ್ಲ, ಭಟ್ಟಿ ಒಳಗ. ದೀಪಾವಳಿ, ಉರುಸು, ಮದಿವಿ ಬಂತಂದ್ರ ಹಿಟ್ಟು, ಸಕ್ರಿ, ಡಾಲ್ಡಾ ತಗೊಂಡು ಬೇಕರಿಗೆ ಹೋಗೋದು. ಅವರು ನಮ್ಮ ಮುಂದ ಕಲಸಿ, ತಗಡಿನ ಮ್ಯಾಲೆ ನಾನಕಟಾಯಿ ಹಚ್ಚಿ ಸುಟ್ಟು ಕೊಡತಿದ್ರು, ಕೂಲಿ ಅಷ್ಟ ತಗೋತಿದ್ರು. ಡಬ್ಬಿ ತುಂಬಾ ಹೊತಗೊಂಡು ಬರೋವಾಗ ದಾರಿಯೆಲ್ಲಾ ಆ ವಾಸನಿ.

— ಆ ಡಾಲ್ಡಾದಾಗ ಟ್ರಾನ್ಸ್ ಫ್ಯಾಟ್ ಅಂತ ಕೆಟ್ಟ ಕೊಬ್ಬು ಭಾಳ ಇರತಿತ್ತು. ಎದಿ ರೋಗಕ್ಕ ಅದು ಹಾದಿ. ಸರ್ಕಾರ 2022ರ ಜನವರಿಯಿಂದ ಎಣ್ಣಿ, ವನಸ್ಪತಿಯೊಳಗ ಅದು ನೂರಕ್ಕ 2ರ ಮ್ಯಾಲೆ ಇರಬಾರದಂತ ಕಾಯ್ದೆ ಮಾಡೈತಿ. ನಾ ಈಗ ನಾನಕಟಾಯಿಗೆ ತುಪ್ಪ ಹಾಕತೀನಿ, ಹಿಟ್ಟು ಅರ್ಧ ಕಡಲಿದು.

— ಕಡಲಿ ಹಿಟ್ಟು ಯಾವುದರಾಗ ಹಾಕಿದ್ರೂ ಕೆಡಂಗಿಲ್ಲ. ನಿಮ್ಮ ಅಣ್ಣಿಗೇರಿ ಕಡಲಿ ಅಂದ್ರ ಅದರ ಝುಣಕಾನ ಬ್ಯಾರೆ.

— ಊರ ಹೆಸರಿನ ತಳಿನ ಐತಿ, ಅಣ್ಣಿಗೇರಿ-1. ಉತ್ತರ ಕರ್ನಾಟಕದ ಎರಿ ಹೊಲದಾಗೆಲ್ಲಾ ಬಿತ್ತಿದ ಕಡಲಿ ಅದು. ಸೊರಗು ರೋಗ ಬಂದು ಕುಂದತಿತ್ತು. ಆಮ್ಯಾಲೆ ರಾಯಚೂರ ಕೃಷಿ ವಿಶ್ವವಿದ್ಯಾಲಯದವರು ಹೈದರಾಬಾದಿನ ಇಕ್ರಿಸ್ಯಾಟ್ ಸಂಸ್ಥೆಯವರ ಜೋಡಿ ಕೂಡಿ ಆ ರೋಗ ತಡಿಯೋ ಗುಣ ಅದಕ್ಕ ಕೂಡಿಸಿ ಸೂಪರ್ ಅಣ್ಣಿಗೇರಿ-1 ಮಾಡ್ಯಾರ.

— ಹೆಸರು ಹೆಂಗರೆ ಇರಲಿ, ಹಸಿ ಸುಲಗಾಯಿ ಹೊಲದಾಗ ಸುಟ್ಟು ತಿನ್ನೋ ರುಚಿ ಉಳದ್ರ ಸಾಕು. ನಾ ಹೇಳಬೇಕಂದದ್ದು ಬ್ಯಾರೆ. ಕೇಕಿನಿಂದ ಯಾರೂ ಕೆಡಂಗಿಲ್ಲ, ಅದು ಹಬ್ಬಕ್ಕ ಹೋಳಗಿ ಇದ್ದಂಗ. ನನಗ ಚಿಂತಿ ಹತ್ತಿರೋದು ಮುಂಜಾನಿದು. ಹುಡುಗರು ಎದ್ದ ಕೂಡ್ಲೆ ಚಾದಾಗ ಟೋಸ್ಟು, ಖಾರಿ, ಬಿಸ್ಕಿಟ್ ಅದ್ದಿ ತಿಂದು ಸಾಲಿಗೆ ಹೋಗ್ತಾವ. ಮೊದಲ ಅದ ಹೊತ್ತಿಗೆ ರಾತ್ರಿ ಉಳದ ಖಟಿ ರೊಟ್ಟಿ ಮುರದು, ಮಸರು ಹಾಕಿ, ಗುರೆಳ್ಳ ಹಿಂಡಿ ಹಚ್ಚಿ ಕೊಡತಿದ್ವಿ.

— ಆ ಎರಡರ ನಡುವ ಎಷ್ಟು ಫರಕ್ ಐತಿ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರ 2017ರ ಆಹಾರ ಕೋಷ್ಟಕ ನೋಡಿದ್ರ ತಿಳೀತೈತಿ. ನೂರು ಗ್ರಾಂ ಜ್ವಾಳದಾಗ ನಾರು ಸುಮಾರು 10 ಗ್ರಾಂ. ಅಷ್ಟ ಪಾಲಿಶ್ ಅಕ್ಕಿಯೊಳಗ, ಅಷ್ಟ ಮೈದಾದೊಳಗ 3 ಗ್ರಾಮೂ ಇಲ್ಲ. ಸಕ್ರಿ ಲೆಕ್ಕಾನೂ ಹಂಗ. ದಿನಕ್ಕ 25 ಗ್ರಾಂ, ಅಂದ್ರ ಆರು ಸಣ್ಣ ಚಮಚಾ ದಾಟದಿದ್ರ ಚಲೋ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಾಗ ಹೇಳೈತಿ. ನಮ್ಮ ಕಡೆ ಎರಡು ಕಪ್ ಸಿಹಿ ಚಾ, ನಾಕು ಬಿಸ್ಕಿಟ್ ಅಂದ್ರ ಹೆಚ್ಚು ಕಡಿಮಿ ಅದು ಮುಗದಂಗ. ಸಾಲ್ಯಾಗ ನನ್ನ ಮುಂದ ಕುಂತ ಹುಡುಗರು ಹನ್ನೊಂದಕ್ಕ ಹಸದು ಆಕಳಿಸ್ತಾವ. ಬಿಸ್ಕಿಟ್ ತಿಂದ ಹೊಟ್ಟಿ ಅಷ್ಟೊತ್ತು ತಡಿಯಂಗಿಲ್ಲ.

— ಮತ್ತ ರೊಟ್ಟಿ ಯಾಕ ಬಿಟ್ರು ಅನ್ನು.

— ಅಕ್ಕಿ ಅಗ್ಗಾತು. 2013ರ ಜುಲೈದಾಗ ಅನ್ನಭಾಗ್ಯ ಬಂತು, ಮನಿಮನಿಗೆ ಅಕ್ಕಿ ಚೀಲ ಬಂತು. ಜ್ವಾಳ ಕೊಂಡು ತಿನ್ನೋದು ತುಟ್ಟಿ ಆತು.

— ಅನ್ನಭಾಗ್ಯಕ್ಕ ಬೈಯಬ್ಯಾಡ. ಹೊಲ ಇಲ್ಲದ ಕೂಲಿ ಮನ್ಯಾಗ ಅದರಿಂದ ಎರಡು ಹೊತ್ತು ಒಲಿ ಹತ್ತೈತಿ. ಆದ್ರ ಅಕ್ಕಿ ಅಗ್ಗಾದದ್ದು ಅರ್ಧ ಕಾರಣ. ಉಳದ ಅರ್ಧ ನಾ ಹೇಳತೀನಿ. ಅನ್ನಕ್ಕ ಅಕ್ಕಿ ತೊಳದು ಕುಕ್ಕರಿಗೆ ಹಾಕಿ ಹೆಣ್ಣಮಗಳು ಕಸಾ ಹೊಡಿಬಹುದು, ಹುಡುಗರಿಗೆ ಜಳಕಾ ಮಾಡಸಬಹುದು. ರೊಟ್ಟಿಗೆ ಹಂಗಲ್ಲ. ಎಂಟು ಮಂದಿ ಮನಿಗೆ ಒಂದೂವರಿ ತಾಸು ಬೆಂಕಿ ಮುಂದಿಂದ ಏಳಂಗಿಲ್ಲ. ಭುಜ ಹಿಡೀತಾವ, ಮೊಳಕಾಲು ಹಿಡೀತಾವ, ಕಣ್ಣಾಗ ಹೊಗಿ. ಆಮ್ಯಾಲೆ ಆ ಹೆಣ್ಣಮಗಳು ಹೊಲಕ್ಕ ಕಳೆ ತಗ್ಯಾಕ ಹೋಗಬೇಕು. ಅಕ್ಕಿ ಬಂದಾಗ ಆಕಿಗೆ ಒಂದು ತಾಸು ಉಳೀತು. ರೊಟ್ಟಿ ಬಿಟ್ಟದ್ದು ನಾಲಿಗಿ ಅಲ್ಲ, ಭುಜ.

— ಗ್ಯಾಸ್ ಬಂದ ಮ್ಯಾಲೆ ಸಲೀಸ ಆಗಬೇಕಿತ್ತಲ್ಲಾ? 2016ರ ಉಜ್ವಲಾ ಯೋಜನೆಯಿಂದ ಎಷ್ಟೋ ಮನಿಗೆ ಸಿಲಿಂಡರ್ ಬಂದಾವ.

— ಚಾ, ಪಲ್ಯಾ, ಅನ್ನ ಗ್ಯಾಸಿನ ಮ್ಯಾಲೆ. ರೊಟ್ಟಿ ಇನ್ನೂ ಹಿತ್ತಲ ಒಲಿ ಮ್ಯಾಲೆ. ದೊಡ್ಡ ಹಂಚು ತಾಸುಗಟ್ಟಲೆ ಕಾಯಬೇಕಂದ್ರ ಸಿಲಿಂಡರ್ ಲಗೂ ಬರದಾಗತೈತಿ. ಗ್ಯಾಸಿನ ಉರಿ ಹಂಚಿನ ನಡುವ ಅಷ್ಟ ಹತ್ತತೈತಿ, ಅಂಚು ಹಸೀ ಉಳೀತಾವ. ಹತ್ತಿ ಕಟ್ಟಿಗಿ, ತೊಗರಿ ಕಟ್ಟಿಗಿ ಮನ್ಯಾಗ ಇದ್ದ ಇರತಾವ, ರೊಕ್ಕ ಬೀಳಂಗಿಲ್ಲ. ಅದಕ್ಕ ಹೊಗಿ ಇನ್ನೂ ನಮ್ಮನ್ನ ಬಿಟ್ಟಿಲ್ಲ. ಹೊಗಿ ಹೊರಗ ಹೋಗೋ ಒಲಿ ಹಾಕಿಸಿದ ಮನಿ ಎಷ್ಟ ಅದಾವ? ಟಿವಿ ಇರೋ ಮನ್ಯಾಗ ಕೊಳವಿ ಇಲ್ಲ.

— ಖಡಕ್ ರೊಟ್ಟಿ ಮಾಡಿ ಇಟ್ರ ದಿನಾ ಬಡಿಯೋದು ತಪ್ಪತೈತಲ್ಲಾ.

— ತಪ್ಪತೈತಿ, ಅದಕ್ಕ ಸುಗ್ಗಿಯಾಗ ನಾವು ಅದನ್ನ ಮಾಡೋದು. ಹಿಟ್ಟು ಸ್ವಲ್ಪ ಬಿಗಿ ನಾದಿ, ಹಾಳಿ ಹಂಗ ತೆಳ್ಳಗ ಬಡದು, ಸುಟ್ಟು, ಒಲಿ ಸುತ್ತ ನಿಂದರಿಸಿ ಒಣಗಸಬೇಕು. ಪಸಿ ಉಳೀತಂದ್ರ ಬೂಸರ ಹಿಡೀತೈತಿ. ಪಸಿ ಹೋತಂದ್ರ ತಿಂಗಳಗಟ್ಟಲೆ ಇರತೈತಿ. ಗದಗ ಜಿಲ್ಲೆ ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರಿಗೆ ಮನಿಮನಿಯಿಂದ ಖಡಕ್ ರೊಟ್ಟಿ ಕೊಡ್ತಾರ, ಬಂದವರೆಲ್ಲಾ ಕೈಯಾಗ ರೊಟ್ಟಿ ಹಿಡಕೊಂಡು ಪಲ್ಯಾ, ಹಿಂಡಿ ಹಚ್ಚಿಸಿಕೊಂಡು ತಿಂತಾರ. ಈಗ ಅದ ರೊಟ್ಟಿ ಪ್ಯಾಕೆಟ್‌ದಾಗ ಹುಬ್ಬಳ್ಳಿ, ಬೆಂಗಳೂರಿಗೆ ಹೊಂಟೈತಿ. ನಮ್ಮ ಓಣ್ಯಾಗೂ ನಾಕು ಹೆಣ್ಣಮಕ್ಕಳು ಮಾಡಿ ಕೊಡ್ತಾರ. ಅವರ ಗಂಡಂದಿರು ಈಗ ಹಿಟ್ಟಿನ ಚೀಲ ಹೊತ್ತು ತರ್ತಾರ, ರೊಟ್ಟಿ ಎಣಿಸಿ ಕಟ್ಟಿ ಕೊಡ್ತಾರ. ಮಾರಾಕ ಅಂತ ಬಡದಾಗ ಅದು ಕೆಲಸ. ಮನಿಗೆ ಅಂತ ಬಡದಾಗ ಅದು ಲೆಕ್ಕಕ್ಕಿಲ್ಲ.

— ಯಂತ್ರದಾಗ ಒತ್ತಿದ ರೊಟ್ಟಿ ನಿನಗ ಸೇರತೈತೇನು?

— ಕೈರೊಟ್ಟಿ ಅಂಚಿನಾಗ ತೆಳ್ಳಗ, ನಡುವ ಮೆತ್ತಗ ಇರತೈತಿ, ಯಂತ್ರದ್ದು ಎಲ್ಲಾ ಕಡೆ ಒಂದ ಸಮ. ರುಚಿಯೊಳಗ ನೂರಕ್ಕ ಹತ್ತು ಕಡಿಮಿ ಆದೀತು. ಒಬ್ಬಾಕಿ ಭುಜ ಉಳೀತೈತಿ ಅಂದ್ರ ಆ ಹತ್ತು ನಾ ಬಿಟ್ಟು ಕೊಡತೀನಿ.

— ನೀ ಹಿಂಗ ಅಂತೀ ಅಂದ್ಕೊಂಡಿರಲಿಲ್ಲ. ರುಚಿ ಬಲ್ಲವರು ಅನಿಸಿಕೊಂಡವರು ಯಂತ್ರದ್ದು ಬ್ಯಾಡ, ಒಲಿದ ಬೇಕು, ಒಳ್ಳಿನಾಗ ಕುಟ್ಟಿದ ಚಟ್ನಿನ ಬೇಕು ಅಂತಾರ.

— ಒಲಿ ಮುಂದ ಕೂಡದವರು ಹಂಗ ಅಂತಾರ. ಕೂತವರು ಹಂಗ ಅನ್ನಂಗಿಲ್ಲ. ಕುಂದಗೋಳ ತಾಲ್ಲೂಕಿನ ತೀರ್ಥ ಊರಿನ ಹೆಣ್ಣಮಕ್ಕಳ ಸುದ್ದಿ ನೀನ ಓದಿ ಹೇಳಿದ್ದಿಯಲ್ಲಾ?

— ಬೀಬಿ ಫಾತಿಮಾ ಸ್ವಸಹಾಯ ಸಂಘ. 2025ರಾಗ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಕೊಡೋ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಸಾವಿ, ನವಣಿ, ಕೊರಲಿ, ಬರಗು, ಇವುಗಳ ಬೀಜ ಕೂಡಿ ಹಾಕಿ ಬೀಜ ಬ್ಯಾಂಕ್ ಮಾಡ್ಯಾರ. ರೈತರಿಗೆ ಬೀಜ ಕೊಡೋದು, ಬೆಳದ ಮ್ಯಾಲೆ ಕಾಳು ತಗೊಂಡು ಸಂಸ್ಕರಣೆ ಮಾಡಿ ಮಾರೋದು.

— ಆ ಸಂಸ್ಕರಣೆ ಅನ್ನೋದ ಮುಖ್ಯ. ಸಾವಿ ಅಕ್ಕಿ ಅನ್ನ ನಾ ಸಣ್ಣಾಕಿದ್ದಾಗ ತಿಂದೀನಿ. ಅದು ಹೊಲದಿಂದ ಹೋದದ್ದು ರುಚಿ ಇಲ್ಲಂತಲ್ಲ, ಸಿಪ್ಪಿ ಬಿಡಸೋ ತ್ರಾಸಿಗೆ. ಒಳ್ಳಿನಾಗ ಕುಟ್ಟಿ, ಕೇರಿ, ಮತ್ತ ಕುಟ್ಟಿ, ಒಂದು ಸೇರು ಅಕ್ಕಿ ಕಾಣೋದ್ರೊಳಗ ಕೈ ಬೊಬ್ಬಿ. ಊರಾಗ ಯಂತ್ರ ಕುಂತ ಮ್ಯಾಲೆ ಸಾವಿ ತಾಟಿಗೆ ತಿರುಗಿ ಬಂತು. 2023 ಸಿರಿಧಾನ್ಯ ವರ್ಷ ಅಂತ ಜಗತ್ತೆಲ್ಲಾ ಮಾಡಿದ್ರಲ್ಲಾ, ಆಗ ಭಾಷಣ ಭಾಳ ಆದ್ವು. ನನ್ನ ಕೇಳಿದ್ರ ನಾಕು ಊರಿಗೊಂದು ಸಿಪ್ಪಿ ಬಿಡಸೋ ಯಂತ್ರ ಆ ಎಲ್ಲಾ ಭಾಷಣಕ್ಕಿಂತ ದೊಡ್ಡದು.

— ಹಂಗಾದ್ರ ಎಲ್ಲಾರೂ ಜ್ವಾಳ, ಸಾವಿನ ತಿನ್ನಬೇಕಂತೀಯೇನು?

— ಅಲ್ಲ. ನಮ್ಮಕ್ಕನ್ನ ಕಲಘಟಗಿ ಕಡೆ ಕೊಟ್ಟಾರ. ಅದು ಮಲೆನಾಡಿನ ಸೆರಗು, ಅಲ್ಲಿ ಮೊದಲಿಂದ ಭತ್ತ. ಅವರು ಅನ್ನ ಉಂಡ್ರ ಅದು ಅವರ ಹೊಲದ ಊಟ. ನಮ್ಮ ಎರಿ ಹೊಲಕ್ಕ ಹಿಂಗಾರಿ ಜ್ವಾಳ, ಕಡಲಿ, ಕುಸುಬಿ ಒಪ್ಪತಾವ. ಮಳಿ ನಿಂತ ಮ್ಯಾಲೆ ನೆಲದಾಗ ಉಳದ ಹಸಿ ಮ್ಯಾಲೆ ಬೆಳೀತಾವ. ಜ್ವಾಳ ಬಿತ್ತಿದ್ರ ಮನಿಗೆ ಕಾಳು, ದನಕ್ಕ ಕಣಿಕಿ. ಕಾಳು ಹಾಲ ತುಂಬಿದಾಗ ಸೀತನಿ. ಕುಳ್ಳಿನ ಕೆಂಡದಾಗ ತೆನಿ ಸುಟ್ಟು, ಬಡದು, ಬಿಸಿಬಿಸಿ ಕಾಳಿಗೆ ಶೇಂಗಾ ಹಿಂಡಿ, ಬೆಲ್ಲ. ಅದರ ಮುಂದ ನನಗ ಯಾವ ಬೇಕರಿನೂ ಬ್ಯಾಡ.

— ಆ ಹಿಂಗಾರಿ ಜ್ವಾಳದಾಗ ಎಂ 35-1, ಮಾಲದಂಡಿ, ಸೊಲ್ಲಾಪುರ ಕಡೆ ಮೋಹೋಳದಾಗ ಆರಿಸಿ ತಗದದ್ದು. ಎಷ್ಟೋ ಹೊಸ ತಳಿ ಬಂದ್ರೂ ರೊಟ್ಟಿಗೆ ಅದನ್ನ ಮೀರಿಸಿದ್ದಿಲ್ಲ ಅಂತಾರ ಮಂದಿ.

— ಕಾಳು ದುಂಡಗ, ಮುತ್ತಿನ ಬಣ್ಣ, ಹಿಟ್ಟು ಸಿಹಿ. ಆದ್ರ ಅದನ್ನ ಬಿತ್ತೋರು ಕಡಿಮಿ ಆಗ್ಯಾರ. ಮಲಪ್ರಭಾ ಕಾಲುವಿ ಕೆಳಗ ಹತ್ತಿ, ಗೋವಿನಜ್ವಾಳ; ಮಳಿ ಹೊಲದಾಗ ಹೆಸರು, ಉಳ್ಳಾಗಡ್ಡಿ. ಜ್ವಾಳಕ್ಕ ಹಕ್ಕಿ ಕಾಯಬೇಕು, ಕಿತ್ತಾಕ ಆಳು ಸಿಗಂಗಿಲ್ಲ, ಪ್ಯಾಟ್ಯಾಗ ದರಾ ನಿಲ್ಲಂಗಿಲ್ಲ. ರೈತನ್ನ ಹೆಂಗ ಬೈಯೋದು? ಅವನ ಮನ್ಯಾಗ ಜ್ವಾಳ ತಿನ್ನೋ ಬಾಯಿ ಇದ್ರ ಒಂದೆಕರೆ ಆದರೂ ಬಿತ್ತತಾನ. ಮನ್ಯಾಗ ಬಡಿಯೋ ಕೈ ಇಲ್ಲಂದ್ರ ಅದನ್ನೂ ಬಿಡತಾನ. ನಾ ಕಣ್ಣಾರೆ ಕಂಡೀನಿ. ಅತ್ತಿ ತೀರಿಕೊಂಡ ವರ್ಷ ಜ್ವಾಳ ಬಿತ್ತೋದು ಬಿಟ್ಟ ಮನಿ ನಮ್ಮ ಊರಾಗ ಒಂದಲ್ಲ.

— ಇದು ನನಗ ಹೊಸಾ ಮಾತು. ಧಾನ್ಯ ಉಳೀಬೇಕಂದ್ರ ಬೀಜ ಬೇಕು, ದರ ಬೇಕು ಅಂತಿದ್ದೆ. ಸದಕ ಗೋದಿ ನೋಡು, ಜವಿ ಗೋದಿ ಅಂತಾರಲ್ಲಾ, ಧಾರವಾಡ ಕೃಷಿ ವಿಶ್ವವಿದ್ಯಾಲಯದವರು ಅದರಾಗ ಡಿಡಿಕೆ 1025, ಡಿಡಿಕೆ 1029 ಅಂತ ಗಿಡ್ಡ ತಳಿ ತಗದಾರ. ಈಗ ಸಕ್ರಿ ರೋಗದವರಿಗೆ ಚಲೋ ಅಂತ ಕೇಳಿಕೊಂಡು ಬರ್ತಾರ. ನಾ ಅದರ ಬ್ರೆಡ್ ಮಾಡಿದೆ, ಉಬ್ಬಲಿಲ್ಲ. ಅದರ ಗ್ಲುಟೆನ್ ಬಲ ಇಲ್ಲ. ಬಿಸ್ಕಿಟಿಗೆ ಮಾತ್ರ ಭಾಳ ಚಲೋ.

— ಅದರದ್ದು ಬ್ರೆಡ್ ಯಾಕ ಮಾಡತೀ? ಹುಗ್ಗಿ ಮಾಡು. ತೌಡು ಬಿಡಸಿದ ಸದಕ ಕುದಿಸಿ ಕುದಿಸಿ, ಬೆಲ್ಲ, ಗಸಗಸಿ, ಕೊಬ್ಬರಿ. ಇಲ್ಲಾ ಮಾದಲಿ ಮಾಡು, ಮ್ಯಾಲೆ ಹಾಲು ತುಪ್ಪ. ಯಾವ ಕಾಳು ಯಾವುದಕ್ಕ ಹುಟ್ಟೈತೋ ಅದಕ್ಕ ಹಚ್ಚಬೇಕು. ಜ್ವಾಳ ರೊಟ್ಟಿಗೆ ಹುಟ್ಟೈತಿ. ನಿನ್ನ ಕೇಕಿನಾಗ ಅರ್ಧ ಪಾಲು ಹಾಕಿದ್ದು ಛಂದ, ಆದ್ರ ಅದರಿಂದ ಜ್ವಾಳದ ಹೊಲ ಉಳಿಯಂಗಿಲ್ಲ. ವಾರಕ್ಕ ಒಂದು ಕೇಕಿಗೆ ಎಷ್ಟು ಹಿಟ್ಟು ಹೋದೀತು? ದಿನಾ ತಾಟಿನಾಗ ರೊಟ್ಟಿ ಬಿದ್ರ ಹೊಲ ಉಳೀತೈತಿ.

— ಮತ್ತ ದಿನಾ ಬಡಿಯೋರು ಯಾರು ಅನ್ನೋದ ಪ್ರಶ್ನೆ. ನಮ್ಮವ್ವಗೂ ಭುಜ ನೋವು. ನನ್ನ ಹೆಂಡತಿ ಬ್ಯಾಂಕಿಗೆ ಹೋಗತಾಳ.

— ನೀ ಅದಿಯಲ್ಲಾ.

— ನಾನೇನು?

— ಸಾಲಿ ಹತ್ತಕ್ಕ. ಕೇಕಿಗೆ ತೂಕ ಮಾಡಾಕ ಬರತೈತಿ, ಕೆನಿ ಕಡದು ಹೂವು ಬಿಡಸಾಕ ಬರತೈತಿ. ಅಂಥಾ ಸಣ್ಣ ಕೆಲಸ ಮಾಡೋ ಕೈಗೆ ರೊಟ್ಟಿ ಯಾಕ ಬರಂಗಿಲ್ಲ? ಹೋಟೆಲಿನಾಗ, ಖಾನಾವಳಿಯಾಗ ಗಂಡಸರು ಒಲಿ ಮುಂದ ದುಡೀತಾರ. ಮದಿವಿ ಮನ್ಯಾಗ ಸಾವಿರ ಮಂದಿಗೆ ಬುಂದಿ ಕರೀತಾರ. ಜಾತ್ರ್ಯಾಗ ಮಠದ ದಾಸೋಹಕ್ಕ ಕೊಪ್ಪರಗಿ ತಿರುವ್ತಾರ. ತಮ್ಮ ಮನಿ ಹಂಚಿನ ಮುಂದ ಕೂಡು ಅಂದ್ರ ಮಾತ್ರ ಕೈ ಹಿಂದ ಸರೀತಾವ.

— ಖರೆ ಹೇಳಬೇಕಂದ್ರ ಯಾರೂ ನನಗ ಕಲಿಸಲಿಲ್ಲ. ತಂಗಿಗೆ ಕಲಿಸಿದ್ರು.

— ಹೌದು, ನಾವ ಕಲಿಸಲಿಲ್ಲ. ಹುಡುಗಿಗೆ ಎಂಟು ವರ್ಷಕ್ಕ ಸಣ್ಣ ಮುದ್ದಿ ಕೊಟ್ಟು ಬಡಿ ಅಂದ್ವಿ. ಹುಡುಗಗ ಹೊರಗ ಆಡು ಹೋಗು ಅಂದ್ವಿ. ಊರಾಗ ಎಲ್ಲಾರ ಮನ್ಯಾಗೂ ಇದ ನಡದೈತಿ. ಈಗ ನನ್ನ ಮೊಮ್ಮಗಗ ಮುದ್ದಿ ಕೊಟ್ಟೀನಿ. ಆಟದ್ದು ಅಂತ ಬಡೀತಾನ, ಸುಟ್ಟು ಕೊಟ್ರ ತಾನ ತಿಂತಾನ. ಬಿಸ್ಕಿಟ್ ಕೇಳೋದು ಅರ್ಧ ಆಗೈತಿ.

— ಸಾಲ್ಯಾಗ ಹುಡುಗರಿಗೆ ಇದನ್ನ ತೋರಿಸಬಹುದತ್ತಿ. ಎಸರು ಹಾಕಿದ ಹಿಟ್ಟು, ತಣ್ಣೀರಿನ ಹಿಟ್ಟು, ಎರಡೂ ಮುಂದ ಇಟ್ಟು ಯಾಕ ಇದು ಹಿಡೀತೈತಿ, ಅದು ಹಿಡಿಯಂಗಿಲ್ಲ ಅಂತ ಕೇಳಿದ್ರ ವಿಜ್ಞಾನದ ಪಾಠಾನೂ ಆತು.

— ತೋರಿಸು. ಹುಡುಗ–ಹುಡುಗಿ ಇಬ್ಬರಿಗೂ ಪರಾತ ಕೊಡು. ಶ್ರಾವಣದಾಗ ರೊಟ್ಟಿ ಪಂಚಮಿ ಬರತೈತಿ. ನಾಗರ ಪಂಚಮಿಗೆ ಹಾಲೆರಿಯೋ ಮುಂಚೆ ಊರೆಲ್ಲಾ ಜ್ವಾಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಮಡಿಕಿಕಾಳ ಪಲ್ಯಾ, ಅಗಸಿ ಹಿಂಡಿ, ಗುರೆಳ್ಳ ಹಿಂಡಿ ಮಾಡಿ ಮನಿಮನಿಗೆ ಬೀರ್ತೀವಿ. ಯಾರ ರೊಟ್ಟಿ ತೆಳ್ಳಗ, ಯಾರ ಹಿಂಡಿ ಖಾರ ಅಂತ ಓಣಿ ತುಂಬಾ ಮಾತು. ರುಚಿ ಬಲ್ಲವರಿಗೆ ಅದಕ್ಕಿಂತ ದೊಡ್ಡ ಹಬ್ಬ ಇಲ್ಲ. ಆದ್ರ ತವರಿಗೆ ಅಂತ ಬಂದ ಹೆಣ್ಣಮಕ್ಕಳೂ ಆ ದಿನ ನಸಕಿನಾಗ ಎದ್ದು ಒಲಿ ಮುಂದ ಕೂಡ್ತಾರ. ಗಂಡಸರು ಬುಟ್ಟಿ ಬರೋ ಹಾದಿ ನೋಡ್ತಾರ. ನೀ ಬರಿಯೋದು ಬಲ್ಲಿ, ಬರಿ ಇದನ್ನ. ಊಟದ ಮ್ಯಾಲೆ ಪ್ರೀತಿ ಇರೋ ಗಂಡಸರೆಲ್ಲಾ ಈ ಸಲ ರೊಟ್ಟಿ ಪಂಚಮಿ ದಿನ ಹಂಚಿನ ಮುಂದ ಕೂಡ್ರಿ ಅಂತ ಬರಿ. ಹೊಸಾ ಹಿಟ್ಟು ಬೀಸಿಸಿಕೊಂಡು ಬರ್ರಿ, ಎಸರು ಕುದೀತಿರಲಿ, ಬಿಸಿ ಇದ್ದಾಗ ನಾದ್ರಿ. ಮೊದಲಿನವು ಸೀಳತಾವ. ಸೀಳಿದ್ದನ್ನ ನೀವ ತಿನ್ರಿ, ಮರುದಿನ ಮತ್ತ ಕೂಡ್ರಿ.